ಪದಚರ್ಚೆ: ‘ಪಬ್ಲಿಕ್ ಹೆಲ್ತ್ ಎಕ್ಸಿಕ್ಯೂಟಿವ್ಸ್ ಲೀಡರ್‌ಶಿಪ್ ಟ್ರೈನಿಂಗ್’ – ಸಂಜೆಯೊಳಗೆ ಬೇಕು

ಪ್ರಶ್ನೆ:
ಜಿಲ್ಲಾ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳ ತರಬೇತಿಗೆ ಬ್ಯಾನರ್, 8 ಅಡಿ ಅಗಲ, 4 ಅಡಿ ಎತ್ತರ. ಕರಡಿನಲ್ಲಿ ‘ಸಾರ್ವಜನಿಕ ಆರೋಗ್ಯ ಕಾರ್ಯನಿರ್ವಾಹಕರ ನಾಯಕತ್ವ ತರಬೇತಿ’ ಎಂದಿದೆ. ಸರಿಯೇ?

ಉತ್ತರ 1:
‘ಕಾರ್ಯನಿರ್ವಾಹಕ’ ಬೇಡವೇ ಬೇಡ. ತಾಲ್ಲೂಕು ಪಂಚಾಯಿತಿಯಲ್ಲಿ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯಿತಿಯಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಆಗಲೇ ಇದ್ದಾರೆ. ಬರೀ ‘ನಿರ್ವಾಹಕ’ ಎಂದರೆ ಬಸ್ ಕಂಡಕ್ಟರ್. ‘ಕಾರ್ಯಕರ್ತೆ’ ಎಂದರೆ ಆಶಾ. ‘ಆರೋಗ್ಯಾಧಿಕಾರಿ’ ಎಂದರೆ ಸಾಕು, ಹುದ್ದೆಯ ಹೆಸರೇ ಅದು. ‘ಸಾರ್ವಜನಿಕ’ ಮಾತ್ರ ಬಿಡಬೇಡಿ. ಆಸ್ಪತ್ರೆ ನಡೆಸುವ ಜಿಲ್ಲಾ ಶಸ್ತ್ರಚಿಕಿತ್ಸಕರಿಗೂ ಇದೇ ತರಬೇತಿ ಎಂದು ತಿಳಿದಾರು.

ಉತ್ತರ 2:
‘ನಾಯಕತ್ವ’ ಏಕೆ? ‘ಮುಂದಾಳ್ತನ’ ಇದೆ. ಪತ್ರಿಕೆಗಳ ‘ಮುಂದಾಳತ್ವ’ ತಪ್ಪು, ಕನ್ನಡ ಪದಕ್ಕೆ ಸಂಸ್ಕೃತದ ‘ತ್ವ’ ಹತ್ತದು. ‘ತರಬೇತಿ’ಯೂ ಅರಬ್ಬಿಯ ‘ತರ್ಬಿಯತ್’. ‘ಪಳಗಿಕೆ’ ಅನ್ನಿ.

ಉತ್ತರ 3:
ಪಳಗಿಸುವುದು ಆನೆಯನ್ನು. ಜಿಲ್ಲೆ, ತಾಲ್ಲೂಕು ಕೂಡ ಅರಬ್ಬಿಯಿಂದಲೇ ಬಂದವು. ಅವನ್ನೂ ಕಿತ್ತು ಹಾಕುತ್ತೀರಾ?

ಮೊದಲು ತರಬೇತಿಯಲ್ಲಿ ಏನು ಕಲಿಸುತ್ತಾರೆ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಜನರಿಗೂ ಹತ್ತುವ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಮಂಗ ಸತ್ತ ಸುದ್ದಿ ಬಂತು. ಕಾಡು ಅರಣ್ಯ ಇಲಾಖೆಯದು, ಹೆಣದ ಪರೀಕ್ಷೆ ಪಶುವೈದ್ಯರದು, ಮನೆಮನೆಗೆ ಎಚ್ಚರಿಕೆ ಮುಟ್ಟಿಸಲು ಪಂಚಾಯಿತಿ ಬೇಕು. ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಹಂಚುವುದು, ಜ್ವರದವರ ರಕ್ತದ ಮಾದರಿ ತೆಗೆಸುವುದಷ್ಟೇ ಆರೋಗ್ಯಾಧಿಕಾರಿಯ ಕೈಯಲ್ಲಿರುವುದು. ಉಳಿದ ಇಲಾಖೆಗಳಿಗೆ ಅವರು ಮೆಮೊ ಕೊಡುವಂತಿಲ್ಲ, ಆದರೂ ಎಲ್ಲರನ್ನೂ ಅದೇ ದಿನ ಹೊರಡಿಸಬೇಕು. ಪತ್ರ ಬರೆದು ಉತ್ತರಕ್ಕೆ ಕಾಯುತ್ತ ಕೂತರೆ ಅಷ್ಟರಲ್ಲಿ ಜನ ಸೊಪ್ಪು, ದರಗು ತರಲು ಅದೇ ಕಾಡಿಗೆ ಹೋಗಿರುತ್ತಾರೆ. ಈ ಕೆಲಸಕ್ಕೆ ‘ಆಡಳಿತ’ ಹೊಂದದು. ಮುಂದೆ ನಿಲ್ಲುವ ಆಳು, ಮುಂದಾಳು, ಹೊಂದುತ್ತದೆ. ಅಷ್ಟರ ಮಟ್ಟಿಗೆ ಉತ್ತರ 2 ಸರಿ.

ಉತ್ತರ 2:
‘ಸಾರ್ವಜನಿಕ ಆರೋಗ್ಯಾಧಿಕಾರಿಗಳ ಮುಂದಾಳ್ತನ’ ಎಂದರೆ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆಸಿದ ಸಮಾಸ. ‘ಶಬ್ದಮಣಿದರ್ಪಣ’ ವ್ಯಾಕರಣ ಬರೆದ ಕೇಶಿರಾಜ ಒಪ್ಪುವುದಿಲ್ಲ.

ಉತ್ತರ 3:
‘ಗಳ’ ಎಂದು ಷಷ್ಠಿ ಕಣ್ಣೆದುರೇ ಇದೆ. ವಿಭಕ್ತಿ ಲೋಪವಾಗದೆ ಸಮಾಸ ಎಲ್ಲಿಂದ ಬಂತು? ಕೇಶಿರಾಜನನ್ನು ಸುಮ್ಮನೆ ಎಳೆಯಬೇಡಿ.

ಉತ್ತರ 1:
ಮೇಲಿನ ಸಾಲು ‘ಸಾರ್ವಜನಿಕ ಆರೋಗ್ಯಾಧಿಕಾರಿಗಳ’, ಕೆಳಗೆ ದೊಡ್ಡಕ್ಷರದಲ್ಲಿ ‘ಮುಂದಾಳ್ತನದ ತರಬೇತಿ’. ‘ಳ್ತ’ದ ಒತ್ತು ಕೆಳಗಿಳಿಯುತ್ತದೆ, ಅದರಡಿ ದಿನಾಂಕದ ಸಾಲು ಒತ್ತಾಗಿ ಕೂರಿಸಬೇಡಿ. ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಿಸಿದ್ದರೆ ಒತ್ತಕ್ಷರ ಕೆಟ್ಟಿರಬಹುದು. ಪ್ರೆಸ್ಸಿನವರಿಗೆ ಪಿಡಿಎಫ್ ಕೊಟ್ಟು, ಪ್ರೂಫ್ ನೋಡಿದ ಮೇಲೆಯೇ ಅಚ್ಚಿಗೆ ಒಪ್ಪಿಗೆ ಕೊಡಿ.