ಅಪ್‌ಡೇಟ್: ಅಮ್ಮನಿಗೆ ಕಾಣುವ ಅಪರಿಚಿತರ ಬಗ್ಗೆ

ಗ್ಲಕೋಮಾದಿಂದ ದೃಷ್ಟಿ ಮಂದವಾದ ನನ್ನ ಅಮ್ಮನಿಗೆ, ಸುಸ್ತು ಇಲ್ಲವೇ ಚಿಂತೆ ಇದ್ದ ದಿನ ಅಂಗಳದಲ್ಲಿ ಯಾರೋ ನಿಂತಂತೆ ಕಾಣುತ್ತದೆ ಅಂತ ಕೇಳಿದ್ದೆನಲ್ಲ? ಮೊದಲು ಕಣ್ಣಿನ ಡಾಕ್ಟರಿಗೇ ಹೇಳಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕಾರವಾರದಲ್ಲಿ ತೋರಿಸಿದೆವು. ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತೆ. ಕಣ್ಣಿನಿಂದ ಬರುವ ಮಾಹಿತಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. 1760ರಲ್ಲೇ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಬಾನೆ ತಮ್ಮ ಅಜ್ಜನಿಗೆ ಹೀಗಾಗಿದ್ದನ್ನು ಬರೆದಿಟ್ಟಿದ್ದರು! ಅದನ್ನು ಕೇಳಿ ಅಮ್ಮ ಅತ್ತೇಬಿಟ್ಟರು. ಹುಚ್ಚು ಅಂದಾರು ಅಂತ ಹೆದರಿ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಯಾರಾದರೂ ಕಂಡಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸುವುದು, ಲೈಟ್ ಹಾಕುವುದು ಕೆಲಸ ಮಾಡಿತು. ಕಂಡವರನ್ನು ಕೈ ಚಾಚಿ ಮುಟ್ಟುವ ಸಲಹೆ ಅಮ್ಮನಿಗೆ ಒಗ್ಗಲಿಲ್ಲ, ಭಯ ಜಾಸ್ತಿಯಾಯಿತು. ಮಧ್ಯಾಹ್ನ ಮಲಗಿದ ದಿನ ಕಾಣುವುದು ಕಡಿಮೆ. ಮಳೆಗೆ ಕರೆಂಟ್ ಹೋದ ಸಂಜೆ ಆ ಅಪರಿಚಿತರು ಈಗಲೂ ಬರುತ್ತಾರೆ. ಧ್ವನಿಯೂ ಕೇಳಿಸಿದರೆ ಬೇರೆ ಕಾರಣ ಇರಬಹುದು, ತಡಮಾಡದೆ ತೋರಿಸಿ ಅಂತ ಡಾಕ್ಟರ್ ಅಂದಿದ್ದಾರೆ.