ಆತಂಕದ ಮಾತ್ರೆ ತಗೊಂಡು ಕೆಲಸಕ್ಕೆ ಹೋಗೋದು ಹೇಗೆ? ಮನೋವೈದ್ಯರ ಜೊತೆ ಭಾನುವಾರದ ಪ್ರಶ್ನೋತ್ತರ

ಬ್ಯಾಂಕ್ ಕ್ಯಾಷಿಯರ್: ನಮಸ್ಕಾರ ಡಾಕ್ಟ್ರೇ. ಆತಂಕಕ್ಕೆ ಎಸ್ಸಿಟಾಲೋಪ್ರಾಂ ಮಾತ್ರೆ 10 ಮಿಲಿಗ್ರಾಂ ಶುರುಮಾಡಿ ಐದು ದಿನ. ಕೌಂಟರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ, ಕೈ ನಡುಗುತ್ತದೆ, ನೋಟು ಎಣಿಸುವಾಗ ಎರಡು ಸಲ ತಪ್ಪಿದೆ. ನನಗೆ ಒಗ್ಗುತ್ತಿಲ್ಲವಾ?

ಡಾಕ್ಟರ್: ಮೊದಲ ಒಂದೆರಡು ವಾರ ಹೀಗಾಗುವುದುಂಟು, ಆತಂಕವೇ ಸ್ವಲ್ಪ ಜಾಸ್ತಿಯಾದ ಹಾಗೂ ಅನ್ನಿಸಬಹುದು. ತಿಂಡಿ ತಿಂದು ತಗೊಳ್ಳಿ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ತಡೆಯಲಾಗದಿದ್ದರೆ ಬರೆದುಕೊಟ್ಟವರಿಗೆ ಫೋನ್ ಮಾಡಿ, ಡೋಸ್ ಇಳಿಸಬಹುದು. ಸಾಯುವ ಯೋಚನೆ ಬಂದರೆ ಅವತ್ತೇ ಹೇಳಿ, ಕಾಯಬೇಡಿ.

ಹಾಸನದ ಹುಡುಗ: ದಪ್ಪ ಆಗ್ತೀವಾ ಸಾರ್?

ಡಾಕ್ಟರ್: ಕೆಲವರು ಸ್ವಲ್ಪ ಆಗುತ್ತಾರೆ. ಎಲ್ಲರೂ ಅಲ್ಲ.

ಟೀಚರ್: ಫಾರ್ವರ್ಡ್ ಬಂದಿದೆ. ಅಶ್ವಗಂಧ ಪುಡಿ ಹಾಲಿನಲ್ಲಿ 21 ದಿನ, ಇಂಗ್ಲಿಷ್ ಮಾತ್ರೆ ಬಿಸಾಕಿ.

ಡಾಕ್ಟರ್: ಬಿಸಾಕಬೇಡಿ! ನಿದ್ದೆ ಮಾತ್ರೆ ಜೊತೆ ಅಶ್ವಗಂಧ ಸೇರಿದರೆ ಮಂಪರು ಹೆಚ್ಚಾಗಬಹುದು, ಕೆಲವರಿಗೆ ಲಿವರ್ ಕೆಟ್ಟಿದೆ. ಫಾರ್ವರ್ಡ್ ಮಾಡಿದವರು ಆಸ್ಪತ್ರೆಗೆ ಬರುವುದಿಲ್ಲ.

ಪೀಣ್ಯ ಆಪರೇಟರ್: ಸಾರ್, ಪವರ್ ಪ್ರೆಸ್ ನಡೆಸ್ತೀನಿ, ತಗಡು ಒತ್ತೋ ಮೆಷಿನ್. ಎರಡು ವರ್ಷದ ಹಿಂದೆ ಆತಂಕಕ್ಕೆ, ನಿದ್ದೆಗೆ ಕೊಡೋ ಕ್ಲೊನಾಜೆಪಾಂ 0.5 ಮಿಲಿಗ್ರಾಂ ಹದಿನೈದು ದಿನಕ್ಕೆ ಬರೆದಿದ್ರು, ಅದೇ ಹಳೇ ಚೀಟಿಗೆ ಮೆಡಿಕಲ್‌ನಲ್ಲಿ ಈಗಲೂ ಕೊಡ್ತಾರೆ. ನೈಟ್ ಶಿಫ್ಟ್ ವಾರ ಪೂರ್ತಿ ಬಿಡ್ತೀನಿ, ತೂಕಡಿಕೆ ಬರಬಾರದು ಅಂತ. ಬಿಟ್ಟಾಗ ಬೆವರು, ನಡುಕ. ಮೊನ್ನೆ ಪ್ರೆಸ್ಸಿನ ಅಚ್ಚು (ಡೈ) ಕೆಳಗೆ ಬೆರಳು ಸ್ವಲ್ಪದರಲ್ಲಿ ಉಳೀತು.

ಟೀಚರ್: ನಮ್ಮ ತಾತಂದಿರು ಮಾತ್ರೆ ತಿಂದರಾ?

ಬ್ಯಾಂಕ್ ಕ್ಯಾಷಿಯರ್: ನಿಮ್ಮ ತಾತ ಸಂಜೆ ಕ್ಯಾಷ್ ತಾಳೆಯಾಗದಿದ್ದರೆ ಕೈಯಿಂದ ಕಟ್ಟುತ್ತಿದ್ದರಾ ಮೇಡಂ?

ಟೀಚರ್: ಒಳ್ಳೇದು ಹೇಳಿದರೆ ಮೈಮೇಲೆ ಬರ್ತೀರಲ್ಲ.

ಬಾಣಂತಿ: ಡಾಕ್ಟ್ರೇ, ಮಗುವಿಗೆ ಹಾಲು ಕುಡಿಸುತ್ತಿದ್ದೇನೆ. ಎಸ್ಸಿಟಾಲೋಪ್ರಾಂ ತಗೊಳ್ಳಬಹುದಾ?

ಡಾಕ್ಟರ್: ಪೀಣ್ಯದವರೇ, ಮಿಕ್ಕವರು ಸ್ವಲ್ಪ ಸುಮ್ಮನಿರಲಿ, ನೀವು ಇದನ್ನು ಪೂರ್ತಿ ಓದಿ. ಕ್ಲೊನಾಜೆಪಾಂ ಮೈಯಿಂದ ಅರ್ಧ ಇಳಿಯಲೇ ಒಂದು ದಿನಕ್ಕಿಂತ ಜಾಸ್ತಿ ಬೇಕು, ಅಂದರೆ ರಾತ್ರಿಯ ಮಾತ್ರೆ ಬೆಳಗಿನ ಶಿಫ್ಟಿನಲ್ಲೂ ನಿಮ್ಮ ಕೈಯನ್ನು ನಿಧಾನ ಮಾಡುತ್ತಿರುತ್ತದೆ, ನಿಮಗೆ ಗೊತ್ತಾಗದೇ ಇರಬಹುದು. ಹಾಗಂತ ಒಮ್ಮೆಲೇ ಬಿಟ್ಟರೆ ಆ ಬೆವರು ನಡುಕದ ಮುಂದಿನ ಹೆಜ್ಜೆ ಫಿಟ್ಸ್. ಪ್ರೆಸ್ ಮುಂದೆ ಫಿಟ್ಸ್ ಬಂದರೆ? ವಾರ ತಿಂದು ವಾರ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಇದನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕು, ಡಾಕ್ಟರ್ ನೋಡುತ್ತಾ ಇರಬೇಕು. ಇಎಸ್‌ಐ ಕಾರ್ಡ್ ಇದ್ದರೆ ಅಲ್ಲೇ ಹೋಗಿ. ಕಾಯಿಲೆ ಹೆಸರು ಬೇಡ, ಕೆಲವು ವಾರ ಮೆಷಿನ್ ಬೇಡ ಅಂತಷ್ಟೇ ಬರೆಸಿಕೊಳ್ಳಿ. ಇನ್ನೊಂದು, ಕೈ ಒಳಗೆ ಸಿಗದಿರಲಿ ಅಂತ ಎರಡು ಕೈಯಲ್ಲೂ ಒತ್ತಬೇಕಾದ ಬಟನ್‌ನಲ್ಲಿ ಒಂದನ್ನು ಕಟ್ಟಿ ಓಡಿಸ್ತೀರಾ? ನಿಜ ಹೇಳಿ. ದಿನಕ್ಕೆ ಎಷ್ಟು ಮಾತ್ರೆ? ಕುಡಿತ ಇದೆಯಾ?

ಐಟಿ ಹುಡುಗಿ: ಪ್ರೆಸೆಂಟೇಶನ್ ಮುಂಚೆ ಕೊಲೀಗ್ ಎದೆಬಡಿತ ಇಳಿಸೋ ಪ್ರೊಪ್ರನಲಾಲ್ ಮಾತ್ರೆ ಕೊಟ್ಟಳು. ತಗೊಳ್ಳಲಾ?

ಡಾಕ್ಟರ್: ಇನ್ನೊಬ್ಬರ ಮಾತ್ರೆ ಬೇಡ. ಆಸ್ತಮಾ ಇದ್ದರಂತೂ ಮುಟ್ಟಲೇಬೇಡಿ.

ತುಮಕೂರಿನವರು: ತೂಕ ಜಾಸ್ತಿ ಆಗುತ್ತಾ?

ಡಾಕ್ಟರ್: ಮೇಲೆ ಓದಿ.

ಟೀಚರ್: ಡಾಕ್ಟ್ರಿಗೆ ಸಿಟ್ಟು ಜಾಸ್ತಿ, ಅವರಿಗೇ ಮಾತ್ರೆ ಬೇಕು.

ಪೀಣ್ಯ ಆಪರೇಟರ್: ಬಟನ್ ಕಟ್ತೀವಿ ಸಾರ್, ಇಲ್ಲಾಂದ್ರೆ ಪೀಸ್ ಆಗಲ್ಲ. ಕೆಲವು ದಿನ ಎರಡು ಮಾತ್ರೆ. ಶನಿವಾರ ಒಂದು ಕ್ವಾರ್ಟರ್.

ಡಾಕ್ಟರ್: ಮಾತ್ರೆ ಮೇಲೆ ಎಣ್ಣೆ ಬಿದ್ದರೆ ಉಸಿರೇ ನಿಧಾನವಾಗುತ್ತದೆ. ಈಗಲೇ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆ.

ಪೀಣ್ಯ ಆಪರೇಟರ್: ನಾಳೆ ಫಸ್ಟ್ ಶಿಫ್ಟ್ ಸಾರ್. ರಜೆ ಹಾಕ್ಲಾ?

ಡಾಕ್ಟರ್: ಹಾಕಿ.