ತೇಗ ಉದ್ದ ಹೋಗಿದೆ, ದಪ್ಪ ಆಗ್ತಿಲ್ಲ. ಏನು ಮಾಡಲಿ?

ಹಿರೇಕೆರೂರು ಕಡೆ ನಮ್ಮದು 2 ಎಕರೆ ತೇಗ. 6 ಅಡಿಗೊಂದರಂತೆ ಹಾಕಿದ್ದೆವು, ಈಗ ಏಳು ವರ್ಷ. ಉದ್ದ ಚೆನ್ನಾಗಿ ಹೋಗಿವೆ, ಎರಡು ವರ್ಷದಿಂದ ದಪ್ಪವೇ ಆಗುತ್ತಿಲ್ಲ. ಗೊಬ್ಬರ ಜಾಸ್ತಿ ಕೊಡಬೇಕಾ? ಸಾಲಿನ ನಡುವೆ ಶ್ರೀಗಂಧ ಹಾಕಬಹುದಾ? ಬೆಳೆದವರು ದಯವಿಟ್ಟು ಹೇಳಿ.

ಶಿರಸಿ ಕಡೆಯಿಂದ:

ಅಣ್ಣಾ, ಗೊಬ್ಬರದ ಮಾತು ಸದ್ಯಕ್ಕೆ ಬಿಡಿ. ನಿಮ್ಮ ಗಿಡಕ್ಕೆ ಬೇಕಾಗಿರುವುದು ಜಾಗ. 6 ಅಡಿಗೊಂದು ಅಂದರೆ ಎಕರೆಗೆ 1,200 ಗಿಡ ಆಯಿತು. ಸಣ್ಣವಿದ್ದಾಗ ಹಾಗೆ ಒತ್ತಾಗಿ ಇದ್ದರೆ ಒಳ್ಳೆಯದೇ, ಬೆಳಕು ಹುಡುಕುತ್ತಾ ನೆಟ್ಟಗೆ ಏಳುತ್ತವೆ. ತಲೆಗೆ ತಲೆ ಕೂಡಿದ ಮೇಲೆ ಕಥೆ ಬೇರೆ.

ನಾನೂ ಹೀಗೇ ಬಿಟ್ಟುಕೊಂಡು ಕೂತಿದ್ದೆ. ಆಮೇಲೆ ನಮ್ಮ ಪಕ್ಕದ ಊರಿನ ತೋಟದಲ್ಲಿ ಒಂದು ಕ್ಷೇತ್ರೋತ್ಸವಕ್ಕೆ ಹೋದೆ. ಅಲ್ಲಿ ಕಟ್ಟೆಯ ಮೇಲೆ ಎರಡು ತುಂಡು ಪಕ್ಕಪಕ್ಕ ಇಟ್ಟಿದ್ದರು, ಎರಡೂ ಒಂದೇ ವರ್ಷ ನೆಟ್ಟ ತೇಗ. ತೇಗದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರ ಬರಿಗಣ್ಣಿಗೇ ಕಾಣುತ್ತೆ ಅಲ್ವಾ, ಒಂದು ತುಂಡಿನಲ್ಲಿ ಮೊದಲ ಐದು ಉಂಗುರ ಕಿರುಬೆರಳಿನಷ್ಟು ಅಗಲ, ಅಲ್ಲಿಂದಾಚೆ ಎಲ್ಲಾ ದಾರ ಸುತ್ತಿಟ್ಟ ಹಾಗೆ ಒತ್ತೊತ್ತು. ಇನ್ನೊಂದರಲ್ಲಿ ಆರು, ಏಳನೆಯದು ತೆಳ್ಳಗಾಗಿ, ಸುತ್ತಲಿನ ಗಿಡ ತೆಗೆದ ಮೇಲೆ ಮತ್ತೆ ಅಗಲ. ನಾನು ಉಗುರಿನಲ್ಲಿ ಎಣಿಸಿ ಎಣಿಸಿ ನೋಡಿದೆ. ಮನೆಗೆ ಬಂದವನೇ ಟೇಪು ಹಿಡಿದುಕೊಂಡು ತೋಟಕ್ಕೆ ಹೋದೆ.

ನೀವೂ ಅದನ್ನೇ ಮಾಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಬರೆದುಕೊಳ್ಳಿ. ಮೊದಲು ಉಳಿಸುವ ಮರಕ್ಕೆ ಬಣ್ಣ ಹಚ್ಚಿ, ಕಡಿಯುವುದರ ಯೋಚನೆ ಆಮೇಲೆ. ಈ ಕ್ರಮ ಮುಖ್ಯ, ಯಾಕೆಂದರೆ ಮಗುವಿನ ಹಾಗೆ ನೀರು ಹಾಕಿ ಸಾಕಿದ ಮರ ಕಡಿಯೋಕೆ ಕೈ ಬರುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆ ಸಾಲು ಹಿಡಿದು ಒಂದು ಬಿಟ್ಟು ಒಂದು ಸಾಲು ತೆಗೆದರೆ ಅರ್ಧ ಹೋಗುತ್ತವೆ, ಉಳಿದವಕ್ಕೆ ಎಂಟೂವರೆ ಅಡಿ ಸಿಗುತ್ತದೆ. ಆದರೆ ಕಣ್ಣು ಮುಚ್ಚಿಕೊಂಡು ಸಾಲು ಹಿಡಿಯಬೇಡಿ. ತೆಗೆಯುವ ಸಾಲಿನಲ್ಲಿ ನೆಟ್ಟಗಿನ ಒಳ್ಳೆ ಮರ ಇದ್ದರೆ ಅದನ್ನು ಬಿಟ್ಟು ಪಕ್ಕದ ಸೊಟ್ಟ ಮರ ತೆಗೆಯಿರಿ. ನಾಲ್ಕೈದು ವರ್ಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಕಡಿದ ಬುಡ ಚಿಗುರುತ್ತದೆ, ಅದನ್ನೂ ಮುರಿಯುತ್ತಿರಿ.

ಇನ್ನೊಂದು, ಸ್ವಂತ ಜಮೀನಾದರೂ ತೇಗ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಗೆ ಇರುವ ವಿನಾಯಿತಿ ಇದಕ್ಕಿಲ್ಲ. ಪಹಣಿ ಇಟ್ಟುಕೊಂಡು ಮೊದಲೇ ಅರ್ಜಿ ಹಾಕಿ.

ತಿಪಟೂರು ಕಡೆಯಿಂದ:

ಮೇಲಿನವರು ಹೇಳಿದ್ದು ಸರಿ. ಶ್ರೀಗಂಧದ ವಿಷಯ ನಾನು ಹೇಳ್ತೀನಿ. ಆ ನೆರಳಿನಲ್ಲಿ ಹಾಕಬೇಡಿ ಸರ್. ಗಂಧದ ಗಿಡ ಬೇರೆ ಗಿಡದ ಬೇರಿಗೆ ಬೇರು ಕಚ್ಚಿ ಬದುಕುವ ಗಿಡ. ನಾನು ಒಂದು ಸಲ ತೊಗರಿ ಬುಡದ ಮಣ್ಣು ಕೈಯಲ್ಲಿ ಕೆದಕಿ ನೋಡಿದ್ದೆ. ತೊಗರಿ ಬೇರಿಗೆ ಗಂಧದ ಬೇರು ಬಿಳಿ ಮಣಿ ಪೋಣಿಸಿದ ಹಾಗೆ ಅಂಟಿಕೊಂಡಿತ್ತು. ಮೊದಲು ತೊಗರಿ, ಆಮೇಲೆ ಹೊಂಗೆ, ಸರ್ವೆ ಇವನ್ನು ಜೊತೆಯಲ್ಲಿ ಬೆಳೆಸಿದರೆ ಚೆನ್ನಾಗಿ ಬರುತ್ತದೆ. ಬೇರೆ ಬಯಲು ಜಾಗ ಇದ್ದರೆ ಹಾಕಿ. 2001ರ ತಿದ್ದುಪಡಿ ಆದಮೇಲೆ ನಮ್ಮ ಜಮೀನಿನ ಗಂಧ ನಮ್ಮದೇ, ಪಹಣಿಯಲ್ಲಿ ಮಾತ್ರ ತಪ್ಪದೆ ಬರೆಸಿಡಿ. ಚೇಗು, ಅಂದರೆ ಒಳಗಿನ ಪರಿಮಳದ ಗಟ್ಟಿ ತಿರುಳು, ಕಟ್ಟೋಕೆ ಶುರುವಾದ ಮೇಲೆ ಕಳ್ಳರ ಕಾಟ, ಕಾವಲಿನ ಖರ್ಚು ಈಗಲೇ ಲೆಕ್ಕ ಹಾಕಿಕೊಳ್ಳಿ.

ಪೊನ್ನಂಪೇಟೆಯಿಂದ:

ಅಪ್ಪನ ತೋಟ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ನಡುನಡುವಿನ ಗಿಡ ತೆಗೆದ ಮೇಲೆ ಬಿಸಿಲು ಬಿದ್ದು ಕಾಂಡದ ಮೇಲೆಲ್ಲಾ ಚಿಗುರು ಬರುತ್ತದೆ, ಎಳೆಯದಿದ್ದಾಗಲೇ ಕೈಯಲ್ಲಿ ತಿಕ್ಕಿ ತೆಗೆಯಿರಿ. ಕೊಂಬೆ ಹೆಬ್ಬೆರಳಿಗಿಂತ ದಪ್ಪ ಆಗೋಕೆ ಬಿಡಬೇಡಿ, ಆಮೇಲೆ ಕೊಯ್ದರೆ ಗಂಟು ಒಳಗೇ ಉಳಿಯುತ್ತದೆ. ಕತ್ತಿಯಲ್ಲಿ ಹೊಡೆಯುವ ಬದಲು ಗರಗಸ ತಗೊಳ್ಳಿ. ಮೊದಲು ಅಡಿಯಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿಂದ ಕೊಯ್ದರೆ ತೊಗಟೆ ಸೀಳುವುದಿಲ್ಲ. ಎಲೆ ಉದುರಿದ ದಿನಗಳಲ್ಲಿ ಮಾಡಿ. ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳು ಇರುತ್ತಲ್ಲ, ಅದನ್ನು ಕೊಯ್ಯಬೇಡಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಮಗನ ಜೊತೆ ಹೋಗಿ ಎರಡು ಸಾಲು ಅಳೆದೆ. ಬದುವಿನ ಪಕ್ಕದವು 20 ಇಂಚಿನ ಮೇಲೆ ಇವೆ, ಒಳಗಿನವು 13, 14. ಸುತ್ತ ಜಾಗ ಇದ್ದವು ದಪ್ಪ ಆಗಿವೆ, ದಿನಾ ಓಡಾಡಿದರೂ ಕಂಡಿರಲಿಲ್ಲ. ಸೋಮವಾರ ಅರ್ಜಿ ಕೊಡೋಕೆ ಹೋಗ್ತೀನಿ.